ಆ ಒಂದು ಪೈಸೆ ಎಲ್ಲಿ ಹೋಯ್ತು?

ಪ್ರಶ್ನೆ: ಗೆಳೆಯರ ಖರ್ಚು ಹಂಚುವ ಆ್ಯಪ್ ಮಾಡುತ್ತಿದ್ದೇನೆ ಸರ್. 100ನ್ನು ಮೂವರಿಗೆ ಹಂಚಿ ಮತ್ತೆ ಕೂಡಿದರೆ 99.99 ಬರುತ್ತದೆ. ಹತ್ತು ಜನ ಇದ್ದರಂತೂ ಯಾರು ಯಾರಿಗೆ ಕೊಡಬೇಕು ಅನ್ನೋ ಪಟ್ಟಿ ಮುಗಿಯುವುದೇ ಇಲ್ಲ. ಏನು ಮಾಡಲಿ?

ಉತ್ತರ: ಮೊದಲು ಹಣವನ್ನು ಫ್ಲೋಟ್‌ನಲ್ಲಿ, ಅಂದರೆ ಕಂಪ್ಯೂಟರ್ ದಶಮಾಂಶ ಸಂಖ್ಯೆಗಳನ್ನು ಅಂದಾಜಾಗಿ ಇಡುವ ರೂಪದಲ್ಲಿ, ಇಡುವುದನ್ನು ಬಿಡಿ. ಕಂಪ್ಯೂಟರ್ ಬಳಸುವ ಬೈನರಿಯಲ್ಲಿ (ಬರೀ 0 ಮತ್ತು 1ರ ಲೆಕ್ಕ) 0.1 ಸರಿಯಾಗಿ ಕೂರುವುದೇ ಇಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿ ನೋಡಿ, 0.30000000000000004 ಬರುತ್ತದೆ! ಎಲ್ಲವನ್ನೂ ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. ಆಗ 100 ಅಂದರೆ 10000, ತಲಾ 3333, ಉಳಿಯುವುದು 1. ನಿಮ್ಮಲ್ಲಿ ಕಳೆದುಹೋಗಿದ್ದು ಇದೇ. ಅದನ್ನು ಯಾರಾದರೂ ಒಬ್ಬರು ಹೊರಲೇಬೇಕು, ಆದರೆ ಪ್ರತಿ ಸಲ ಪಟ್ಟಿಯಲ್ಲಿ ಮೊದಲು ಇರುವವರ ತಲೆಗೇ ಕಟ್ಟಬೇಡಿ, ಸರದಿ ಮಾಡಿ. ಇನ್ನೊಂದು, ಎಲ್ಲ ದೇಶಗಳ ಹಣಕ್ಕೂ ನೂರರಿಂದ ಗುಣಿಸಿದರೆ ಸಾಕು ಅಂದುಕೊಳ್ಳಬೇಡಿ. ಜಪಾನಿನ ಯೆನ್‌ನಲ್ಲಿ ಈಗ ಚಿಲ್ಲರೆಯೇ ಇಲ್ಲ, ಕುವೈತ್ ದಿನಾರ್‌ಗೆ 1000 ಫಿಲ್ಸ್.

ಈಗ ಪಟ್ಟಿ. ಹತ್ತು ಜನರಲ್ಲಿ 45 ಜೋಡಿ ಆಗುತ್ತವೆ, ಉದ್ದ ಆಗದೆ ಇನ್ನೇನು? ಜೋಡಿ ಲೆಕ್ಕ ಬದಿಗಿಟ್ಟು ಒಬ್ಬೊಬ್ಬರಿಗೂ ಒಂದೇ ಅಂಕಿ ತೆಗೆಯಿರಿ: ಅವರು ಕೊಟ್ಟಿದ್ದರಲ್ಲಿ ಅವರ ಪಾಲು ಕಳೆದರೆ ಎಷ್ಟು. ಎಲ್ಲರದ್ದೂ ಕೂಡಿದರೆ ಸೊನ್ನೆ ಬರಬೇಕು, ಬರದಿದ್ದರೆ ಕೋಡ್‌ನಲ್ಲಿ ತಪ್ಪಿದೆ. ಆಮೇಲೆ ಅತಿ ಜಾಸ್ತಿ ಕೊಡಬೇಕಾದವರಿಂದ ಅತಿ ಜಾಸ್ತಿ ಬರಬೇಕಾದವರಿಗೆ ಕೊಡಿಸುತ್ತಾ ಹೋಗಿ. ಪ್ರತಿ ಸಲ ಒಬ್ಬರಾದರೂ ಸೊನ್ನೆಗೆ ಬರುತ್ತಾರೆ, ಕೊನೆಯ ಸಲ ಇಬ್ಬರೂ. ಹಾಗಾಗಿ 9 ಪಾವತಿ ಮೀರುವುದಿಲ್ಲ. ಇದಕ್ಕಿಂತ ಕಡಿಮೆಯಲ್ಲೂ ಮುಗಿಯಬಹುದು, ಆದರೆ ಕನಿಷ್ಠ ಎಷ್ಟು ಅಂತ ಖಚಿತವಾಗಿ ಹುಡುಕುವುದು ಕಂಪ್ಯೂಟರ್ ವಿಜ್ಞಾನದ ಕಷ್ಟದ ಸಮಸ್ಯೆಗಳಲ್ಲಿ ಒಂದು. ಗೆಳೆಯರ ಲೆಕ್ಕಕ್ಕೆ ಸುಮ್ನೆ ಯಾಕೆ ತಲೆಬಿಸಿ.

ನಿಜವಾದ ತಕರಾರು ಶುರುವಾಗುವುದು ಇಲ್ಲಿಂದ. ಅ ಎಂಬವರು ಬ ಅವರಿಗೆ 50 ಕೊಡಬೇಕು, ಬ ಅವರು ಕ ಅವರಿಗೆ 50 ಕೊಡಬೇಕು. ಆ್ಯಪ್ ನಡುವಿನ ಬ ಅವರನ್ನು ಬಿಟ್ಟು, ಅ ಅವರೇ ಕ ಅವರಿಗೆ ಕೊಡಲಿ ಅನ್ನುತ್ತದೆ. ಲೆಕ್ಕ ಸರಿ, ಆದರೆ ಅ ಕೇಳುವುದು, "ನಾನು ಕ ಹತ್ತಿರ ಸಾಲವನ್ನೇ ಮಾಡಿಲ್ಲ, ಅವರಿಗೆ ಯಾಕೆ ಕೊಡಲಿ?" ಅಂತ. ನ್ಯಾಯವಾದ ಪ್ರಶ್ನೆ, ಅಲ್ವಾ? ಆದ್ದರಿಂದ ಈ ಸೌಲಭ್ಯವನ್ನು ಮೊದಲಿಗೆ ಆಫ್ ಇಡಿ, ಗುಂಪು ಒಪ್ಪಿದರೆ ಆನ್ ಮಾಡಲಿ. ಮೊತ್ತದ ಮೇಲೆ ಒತ್ತಿದರೆ ಅದು ಯಾವ ಯಾವ ಖರ್ಚಿನಿಂದ ಬಂತು ಅಂತ ಕಾಣಲಿ. ಇದಿಲ್ಲದ ಆ್ಯಪನ್ನು ನಾನಂತೂ ಬಳಸುವುದಿಲ್ಲ.

ಪ್ರಶ್ನೆ: ಗುಂಪಿನಲ್ಲಿ ಒಬ್ಬರು ಹಳೆಯ ಖರ್ಚು ಅಳಿಸಿದರು, ಎಲ್ಲರ ಬಾಕಿಯೂ ಬದಲಾಗಿ ಜಗಳ ಆಯಿತು. ಅಳಿಸುವ ಬಟನ್ನನ್ನೇ ತೆಗೆಯಲೇ?

ಉತ್ತರ: ಬಟನ್ ಇರಲಿ, ದಾಖಲೆ ಅಳಿಯದಿರಲಿ. ಲೆಕ್ಕ ಬರೆಯುವವರು ತಪ್ಪಾದರೆ ಹಾಳೆ ಹರಿಯುವುದಿಲ್ಲ, ಅದಕ್ಕೆ ಎದುರಾಗಿ ಇನ್ನೊಂದು ನಮೂದು ಹಾಕುತ್ತಾರೆ. ನೀವೂ ಹಾಗೇ ಮಾಡಿ, ಯಾರು ಯಾವಾಗ ಬದಲಿಸಿದರು ಅನ್ನುವುದು ಎಲ್ಲರಿಗೂ ಕಾಣಲಿ. ಜೊತೆಗೆ, ನೆಟ್‌ವರ್ಕ್ ನಿಧಾನ ಆದಾಗ ಜನ 'ಸೇವ್' ಅನ್ನು ಎರಡೆರಡು ಸಲ ಒತ್ತುತ್ತಾರೆ. ಪ್ರತಿ ಖರ್ಚಿಗೂ ಫೋನ್‌ನಲ್ಲೇ ಒಂದು ಗುರುತಿನ ಸಂಖ್ಯೆ ಕೊಡಿ. ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರ್ ಹೊಸ ಖರ್ಚು ಅಂತ ಸೇರಿಸಬಾರದು.