ಅಗ್ನಿವೀರನೋ, ಟೆರಿಟೋರಿಯಲ್ ಆರ್ಮಿಯೋ?

ಜಗಳೂರು ತಾಲ್ಲೂಕಿನ ಇಪ್ಪತ್ತು ವರ್ಷದ ಓದುಗರೊಬ್ಬರ ಪತ್ರದ ಸಾರ: "ಐಟಿಐ ಡೀಸೆಲ್ ಮೆಕ್ಯಾನಿಕ್ ಮುಗಿಸಿ ದಾವಣಗೆರೆಯ ಗ್ಯಾರೇಜಿನಲ್ಲಿದ್ದೇನೆ. ಮಿಲಿಟರಿ ಸೇರುವ ಆಸೆ ಚಿಕ್ಕಂದಿನದು. ಮೆಕ್ಕೆಜೋಳದ ಹೊಲ ನೋಡೋರು ಯಾರು ಅಂತಾರೆ ಅಪ್ಪ. ಟೆರಿಟೋರಿಯಲ್ ಆರ್ಮಿಯಾದರೆ ವರ್ಷಕ್ಕೆ ಎರಡು ತಿಂಗಳು ಹೋದರೆ ಸಾಕು, ಸಂಬಳವೂ ಬರುತ್ತದಂತೆ. ನಾಲ್ಕು ವರ್ಷಕ್ಕೆ ಸೇನೆ ಸೇರುವ ಅಗ್ನಿವೀರ, ಇದು, ಎರಡರಲ್ಲಿ ಯಾವುದು ಒಳ್ಳೆಯದು?"

ಉತ್ತರ: ಮೊದಲು ಆ "ಸಾಕು" ಎಂಬ ಮಾತನ್ನು ಬಿಡಿ. ಟೆರಿಟೋರಿಯಲ್ ಆರ್ಮಿ ನೌಕರಿಯಲ್ಲ. ಬೇರೆ ದುಡಿಮೆಯಲ್ಲಿ ಕಾಲೂರಿದವರು ದೇಶಕ್ಕೆ ಬೇಕಾದಾಗ ಸಮವಸ್ತ್ರ ತೊಡಲೆಂದು 1948ರ ಕಾಯ್ದೆಯಡಿ ಕಟ್ಟಿದ ಪಡೆ ಅದು. ಸಂಬಳ ಸಿಗುವುದು ತರಬೇತಿಯ ಮತ್ತು ಸೇವೆಗೆ ಕರೆಸಿಕೊಂಡ ದಿನಗಳಿಗೆ ಮಾತ್ರ. ಉಳಿದ ತಿಂಗಳುಗಳ ಅನ್ನ ನಿಮ್ಮದೇ. ಎರಡು ತಿಂಗಳೆಂಬುದು ಶಾಂತಿಕಾಲದ ಲೆಕ್ಕ. 2025ರ ಮೇನಲ್ಲಿ ಪಾಕಿಸ್ತಾನದೊಂದಿಗೆ ಸಂಘರ್ಷ ನಡೆದಾಗ, ಟೆರಿಟೋರಿಯಲ್ ಆರ್ಮಿಯ 32 ಕಾಲ್ದಳ ಬೆಟಾಲಿಯನ್‌ಗಳಲ್ಲಿ 14ನ್ನು ಸೇವೆಗೆ ಕರೆಯಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಅಂಥ ಕರೆ ಬಿತ್ತನೆ, ಕಟಾವು ನೋಡಿ ಬರುವುದಿಲ್ಲ. ಹೋಗಿಬಂದವನನ್ನು ಮಾಲೀಕ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಕಾಯ್ದೆಯಲ್ಲಿದೆ, ನಿಜ. ಆದರೆ ನೇಮಕಾತಿ ಪತ್ರವಿಲ್ಲದೆ ವಾರದ ಬಟವಾಡೆಗೆ ದುಡಿಯುವ ಹುಡುಗ ಆ ಹಕ್ಕನ್ನು ಕೇಳಿ ಪಡೆಯುವುದು ಎಷ್ಟು ಕಷ್ಟವೆಂದು ನಿಮಗೇ ಗೊತ್ತು.

ಇನ್ನು ವಯಸ್ಸು. ನನ್ನ ಅಭಿಪ್ರಾಯ ನಿಂತಿರುವುದು ಇದರ ಮೇಲೆಯೇ. ಟೆರಿಟೋರಿಯಲ್ ಆರ್ಮಿಗೆ 42ರವರೆಗೂ ಅರ್ಜಿ ಹಾಕಬಹುದು. ಅಗ್ನಿವೀರ ಭರ್ತಿ ಹದಿನೇಳೂವರೆಗೆ ಶುರುವಾಗಿ ಇಪ್ಪತ್ತೊಂದರ ಆಸುಪಾಸಿಗೆ ಮುಗಿದೇಹೋಗುತ್ತದೆ. ಆಸೆ ಗಟ್ಟಿಯಿದ್ದರೆ ಈಗ ಅಗ್ನಿವೀರಕ್ಕೆ ಪ್ರಯತ್ನಿಸಿ. ಟೆರಿಟೋರಿಯಲ್ ಆರ್ಮಿ ಆಮೇಲೂ ಇರುತ್ತದೆ.

ಆದರೆ ಕಣ್ಣು ತೆರೆದು ಹೋಗಿ. ನಾಲ್ಕು ವರ್ಷದ ಸೇವೆ, ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ 25 ಜನರನ್ನು. ಮೊದಲ ವರ್ಷ ತಿಂಗಳಿಗೆ ₹30,000 ಎಂದರೂ ಕೈಗೆ ಬರುವುದು ₹21,000; ಉಳಿದದ್ದು ಸೇವಾ ನಿಧಿಗೆ. ಅಷ್ಟೇ ಮೊತ್ತವನ್ನು ಸರ್ಕಾರವೂ ಸೇರಿಸಿ, ಬಡ್ಡಿಯೊಂದಿಗೆ ಕೊನೆಗೆ ಸುಮಾರು ₹11.71 ಲಕ್ಷ ಕೊಡುತ್ತದೆ. ನಾಲ್ಕೇ ವರ್ಷಕ್ಕೆ ಹೊರಬಂದರೆ ಪಿಂಚಣಿಯಿಲ್ಲ, ಗ್ರಾಚ್ಯುಟಿಯೂ ಇಲ್ಲ. ಇಪ್ಪತ್ತೈದರ ಹೊತ್ತಿಗೆ ಊರಿಗೆ ಮರಳುವ ಸಾಧ್ಯತೆಯೇ ಹೆಚ್ಚೆಂದು ಲೆಕ್ಕ ಹಾಕಿ. ನಿಮ್ಮ ಕೈಯಲ್ಲಿ ಕಸುಬಿದೆ, ಜೊತೆಗೆ ಸಣ್ಣ ಗ್ಯಾರೇಜಿಗೆ ಸಾಲುವ ಬಂಡವಾಳವೂ ಇರುತ್ತದೆ. ಟೆರಿಟೋರಿಯಲ್ ಆರ್ಮಿ ಕೇಳುವ ಸ್ವಂತ ದುಡಿಮೆ ಆಗ ನಿಮಗೆ ಇದ್ದೀತು.

ಅಪ್ಪನ ಚಿಂತೆಯನ್ನು ನಾನು ತಳ್ಳಿಹಾಕಲಾರೆ. ಆಳು ಸಿಗದ ಈ ಕಾಲದಲ್ಲಿ ಮಗನೊಬ್ಬ ಹೊರಟರೆ ಆ ಭಾರ ಅವರ ಹೆಗಲಿಗೇ ಬೀಳುತ್ತದೆ. ನಾಲ್ಕು ವರ್ಷ ಹೊಲವನ್ನು ಕೋರಿಗೆ ಕೊಡುವ ಮಾತನ್ನು ಅವರ ಮುಂದೆ ನೀವೇ ಎತ್ತಿ.

ಈಗ ಭರ್ತಿಯಲ್ಲಿ ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ಓಟ. ಟೆಕ್ನಿಕಲ್ ವಿಭಾಗಕ್ಕೆ ಹಾಕಿದರೆ ಐಟಿಐಗೆ ಹೆಚ್ಚುವರಿ ಅಂಕವಿದೆ. 1.6 ಕಿ.ಮೀ.ಯನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ ಅಂಕ. ಇನ್ನೊಂದು ಮಾತು: ಆ ನಾಲ್ಕು ವರ್ಷ ಮದುವೆಯಾಗುವಂತಿಲ್ಲ. ಹೆಣ್ಣು ನೋಡಲು ಶುರುಮಾಡುವ ಮುಂಚೆಯೇ ಅದನ್ನು ಅಮ್ಮನಿಗೆ ತಿಳಿಸಿಬಿಡಿ.