ಇಬ್ಬರೂ ದುಡಿಯುವ ಮನೆಯಲ್ಲಿ ಹೆಂಡತಿಗೇ ಏಕೆ ಹೆಚ್ಚು ಭಾರ?

ಗಂಡ ದುಡಿದು ತರಬೇಕು, ಹೆಂಡತಿ ಮನೆ ನೋಡಿಕೊಳ್ಳಬೇಕು ಎಂಬ ನಂಬಿಕೆಯ ಮೊದಲರ್ಧ ಸಡಿಲವಾಗಿದೆ, ಉಳಿದರ್ಧ ಹಾಗೆಯೇ ಇದೆ. ಅದಕ್ಕೇ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಪುರುಷರು 97. ಇದು ಆ ಕೆಲಸ ಮಾಡುವವರ ಲೆಕ್ಕ ಮಾತ್ರ. ದಿನವೊಂದರಲ್ಲಿ ಅದಕ್ಕೆ ಕೈಹಾಕಿದ ಗಂಡಸರು ನೂರಕ್ಕೆ ಸುಮಾರು 26 ಮಂದಿ.

ನಿಮಿಷಗಳಿಗೆ ಸಿಗದ ಇನ್ನೊಂದು ಭಾರವಿದೆ: ನೆನಪಿಟ್ಟುಕೊಳ್ಳುವುದು. ನಾಳೆಯ ದೋಸೆಗೆ ಅಕ್ಕಿ ನೆನೆಹಾಕಬೇಕು, ಮಗುವಿನ ಲಸಿಕೆಯ ದಿನ ಯಾವುದು, ಅತ್ತೆಯ ಬಿ.ಪಿ. ಮಾತ್ರೆ ಮುಗಿಯಿತೇ? ಕಚೇರಿಯ ಸಭೆಯಲ್ಲಿ ಕುಳಿತಾಗಲೂ ಇವು ತಲೆಯೊಳಗೆ ಓಡುತ್ತಿರುತ್ತವೆ. ಆದರೆ ಗಂಡ ಪಾತ್ರೆ ತೊಳೆದರೆ, ಅದು ಅವನ ಕೆಲಸವೇ ಅಲ್ಲವೆಂಬಂತೆ ‘ಸಹಾಯ ಮಾಡಿದ’ ಎನ್ನುತ್ತೇವೆ. ನಾನೂ ಹಾಗೆ ಹೇಳಿ ನಾಲಿಗೆ ಕಚ್ಚಿಕೊಂಡಿದ್ದೇನೆ.

ಕಾನೂನೂ ಇದೇ ದಾರಿ ಹಿಡಿದಿದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಹೆರಿಗೆ ರಜೆ 26 ವಾರಕ್ಕೇರಿತು, ಒಳ್ಳೆಯದೇ. ತಂದೆಗೆ ಅದರಲ್ಲಿ ಒಂದು ದಿನವೂ ಇಲ್ಲ. ಕೇಂದ್ರ ಸರ್ಕಾರಿ ನೌಕರನಾದರೆ ಬೇರೆ ನಿಯಮದಡಿ 15 ದಿನ. ಹೀಗಾಗಿ ಸಂದರ್ಶನದಲ್ಲಿ ‘ಮದುವೆ ಯಾವಾಗ?’ ಎಂಬ ಪ್ರಶ್ನೆ ಹುಡುಗಿಯರತ್ತಲೇ ಬರುತ್ತದೆ. ಮಗುವಿಗೆ ಜ್ವರವೆಂದು ರಜೆ ಕೇಳಿದ ಗಂಡಸಿಗೆ ಸಿಗುವ ಉತ್ತರವೂ ಅಷ್ಟೇ ಹಳೆಯದು: ‘ಮನೆಯಲ್ಲಿ ಹೆಂಡತಿ ಇಲ್ಲವೇ?’