ವಿದ್ಯಾರ್ಥಿಗಳ ಇಂಗ್ಲಿಷ್ ಬರಹದಲ್ಲಿ ಎಲ್ಲ ತಪ್ಪನ್ನೂ ತಿದ್ದಬೇಕೇ, ದೊಡ್ಡದನ್ನು ಮಾತ್ರವೇ?

ಉಡುಪಿಯಲ್ಲಿ ಡಿಗ್ರಿ ಮಕ್ಕಳಿಗೆ ಟ್ಯೂಷನ್ ಕೊಡುತ್ತಿದ್ದೀರಿ, ಪುಟಕ್ಕೆ ಇಪ್ಪತ್ತು ತಪ್ಪು ಸಿಗುತ್ತದೆ ಎಂದು ಬರೆದಿದ್ದೀರಿ. ಮಂಗಳೂರಿನ ಬಿಜೈಯಲ್ಲಿ ಒಂದು ಕಾಲಕ್ಕೆ ನನ್ನದೂ ಇದೇ ಪಾಡು.

ನಮ್ಮ ಪಕ್ಕದ ಮನೆಯ ಅಕ್ಕ ನರ್ಸ್ ಆಗಿದ್ದರು. ಮನೆಯಲ್ಲಿ ತುಳು, ಹತ್ತನೇ ತನಕ ಕನ್ನಡ ಮೀಡಿಯಂ. ಬೇರೆ ಆಸ್ಪತ್ರೆಗೆ ಅರ್ಜಿ ಬರೆದು "ಸ್ವಲ್ಪ ನೋಡಿ ಕೊಡು ಮಾರಾಯ" ಎಂದರು. ‘ಐ ಆಮ್ ವರ್ಕಿಂಗ್ ಆ್ಯಸ್ ನರ್ಸ್ ಸಿನ್ಸ್ ಫೈವ್ ಇಯರ್ಸ್’ ಎಂದಿತ್ತು. ನಾನು ಗೀಟು ಹಾಕಿ ‘ಐ ವರ್ಕ್ಡ್ ಆ್ಯಸ್ ಎ ನರ್ಸ್ ಫಾರ್ ಫೈವ್ ಇಯರ್ಸ್’ ಎಂದು ಮಾಡಿದೆ. ಬಿಟ್ಟುಹೋದ ‘ಎ’ ಕೂಡ ಸೇರಿಸಿದೆ. ವ್ಯಾಕರಣದಲ್ಲಿ ಒಂದು ಕುಂದಿಲ್ಲ. ಆದರೆ ಓದಿದವರಿಗೆ ಅಕ್ಕ ಕೆಲಸ ಬಿಟ್ಟಾಗಿದೆ! ಇಂಟರ್‌ವ್ಯೂನಲ್ಲಿ "ಯಾಕೆ ಬಿಟ್ಟಿರಿ?" ಎಂದು ಕೇಳಿದ್ದಾರೆ. ಬಿಟ್ಟಿಲ್ಲ ಎಂದರೆ, ಅರ್ಜಿಯಲ್ಲಿ ಬೇರೆಯೇ ಉಂಟಲ್ಲ ಎಂದರಂತೆ. ಕೆಲಸ ಸಿಗಲಿಲ್ಲ. ಅಕ್ಕ ನನಗೆ ಬೈಯಲೂ ಇಲ್ಲ, ಮುಂದಿನ ಅರ್ಜಿ ತೋರಿಸಲೂ ಇಲ್ಲ.

ಆ ತಪ್ಪು ಹುಟ್ಟಿದ್ದು ಎಲ್ಲಿ ಎಂದು ಆಮೇಲೆ ಕೂತು ನೋಡಿದೆ. ‘ಐದು ವರ್ಷದಿಂದ ಮಾಡುತ್ತಿದ್ದೇನೆ’ ಎಂದರೆ ಕನ್ನಡದಲ್ಲಿ ಈಗಲೂ ಮಾಡುತ್ತಿದ್ದೇನೆ ಎಂದೇ ಅರ್ಥ. ನಮ್ಮ ‘ಇಂದ’ ಎರಡು ಕಡೆ ದುಡಿಯುತ್ತದೆ: ‘2010ರಿಂದ’ ಎಂದಾಗ ಶುರುವಾದ ಕಾಲ, ‘ಐದು ವರ್ಷದಿಂದ’ ಎಂದಾಗ ಕಳೆದ ಅವಧಿ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ಸಿನ್ಸ್, ಎರಡನೆಯದಕ್ಕೆ ಫಾರ್. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ನಮಗೆ ‘ಮಾಡುತ್ತಿದ್ದೇನೆ’ ಒಂದೇ ಸಾಕು. ಅಕ್ಕ ಮನಸ್ಸಿನಲ್ಲಿ ಹೇಳಿದ್ದು ಪೂರ್ತಿ ಸರಿ ಇತ್ತು. ನಾನು ಸಿನ್ಸ್ ಎಂಬ ಒಂದು ಶಬ್ದದ ಮೇಲೆ ಕಣ್ಣಿಟ್ಟು ಅವರು ಹೇಳಿದ್ದನ್ನೇ ಅಳಿಸಿದೆ. "ಅಕ್ಕ, ಈಗಲೂ ಅಲ್ಲೇ ಅಲ್ವಾ?" ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದೇನು, ದಿನಾ ಬೆಳಿಗ್ಗೆ ಅವರು ಡ್ಯೂಟಿಗೆ ಹೋಗುತ್ತಿದ್ದದ್ದೇ ನಮ್ಮ ಗೇಟಿನ ಎದುರಿನಿಂದ.

ಹಾಗಾಗಿ ಎಲ್ಲವೋ, ದೊಡ್ಡದು ಮಾತ್ರವೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಣಿಸುವುದನ್ನು ಬಿಡಿ. ವಾಕ್ಯ ಮುಟ್ಟುವ ಮೊದಲು ಅದನ್ನು ಕನ್ನಡದಲ್ಲೋ ತುಳುವಿನಲ್ಲೋ ಅವರ ಬಾಯಲ್ಲೇ ಹೇಳಿಸಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬೇಡ ಎನ್ನುವವರ ಮಾತು ಕೇಳಬೇಡಿ. ‘ಡಿಸ್ಕಸ್ ಅಬೌಟ್’ ಎಂಬ ತಪ್ಪು (ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಸಾಕು, ‘ಅಬೌಟ್’ ಬೇಡ) ಬರುವುದು ‘ಅದರ ಬಗ್ಗೆ ಚರ್ಚಿಸಿದೆವು’ ಎಂಬುದರಿಂದ; ಅದನ್ನು ತೋರಿಸಿದರೆ ಮಕ್ಕಳು ಬೇಗ ಹಿಡಿಯುತ್ತಾರೆ. ‘ಎ’, ‘ದಿ’ ಮಾತ್ರ ನಿಧಾನ. ಅಂಥದ್ದು ಕನ್ನಡದಲ್ಲಿ ಇಲ್ಲವೇ ಇಲ್ಲ, ಅದರ ಬೆನ್ನು ಹತ್ತಬೇಡಿ. ಈ ವಾರ ಕ್ರಿಯಾಪದದ ಕಾಲ ಒಂದನ್ನೇ ಹಿಡಿಯಿರಿ. ಉಳಿದ ಕಡೆ ಅಂಚಿನಲ್ಲಿ ಪೆನ್ಸಿಲಿನ ಚುಕ್ಕಿ ಇಟ್ಟು ಕೊಡಿ, ಅವರೇ ಹುಡುಕಲಿ.